ಆ ಕಾಗದ ಎಲ್ಲಿ? ಮ್ಯಾಪ್ ವಿರುದ್ಧ ಒಹಾಯೋ, ಮನೆ ಬಾಗಿಲಿನಿಂದ ಸುಪ್ರೀಂ ಕೋರ್ಟ್‌ವರೆಗೆ

1957ರ ಮೇ 23. ಅಮೆರಿಕದ ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರ. ಮಧ್ಯಾಹ್ನದ ಹೊತ್ತು ಮೂವರು ಪೊಲೀಸರು ಮಿಲ್ವರ್ಟನ್ ರಸ್ತೆಯ ಒಂದು ಮನೆಯ ಬಾಗಿಲು ಬಡಿದರು. ಎರಡು ಸಂಸಾರ ಇರುವಂಥ ಮನೆ ಅದು. ಮೇಲಿನ ಮಹಡಿಯಲ್ಲಿ ಡಾಲ್ರೀ ಮ್ಯಾಪ್ ಎಂಬ ಕಪ್ಪು ಮಹಿಳೆ ತಮ್ಮ ಮಗಳ ಜೊತೆ ಇದ್ದರು. ಒಳಗೆ ಬರಬೇಕು ಅಂದರು ಪೊಲೀಸರು. ಮ್ಯಾಪ್ ಬಾಗಿಲು ತೆಗೆಯಲಿಲ್ಲ. ಮೊದಲು ತಮ್ಮ ವಕೀಲರಿಗೆ ಫೋನ್ ಮಾಡಿದರು. ಸರ್ಚ್ ವಾರಂಟ್ ಇಲ್ಲದೆ ಒಳಗೆ ಬಿಡಬೇಡಿ ಅಂತ ಸಲಹೆ ಬಂತು. ಆಕೆ ಹಾಗೇ ಹೇಳಿದರು.

ಅಮೆರಿಕದ ಪೊಲೀಸ್ ಕಾನೂನು ಅರ್ಥ ಮಾಡಿಕೊಳ್ಳಬೇಕು ಅನ್ನುವವರಿಗೆ ಎಲ್ಲಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಈ ಕೇಸು. ಪೊಲೀಸರು, ಪ್ರಾಸಿಕ್ಯೂಟರ್, ತಪ್ಪಿತಸ್ಥರೋ ಅಲ್ಲವೋ ಅಂತ ತೀರ್ಮಾನಿಸುವ ಸಾಮಾನ್ಯ ಜನರ ಜ್ಯೂರಿ, ರಾಜ್ಯದ ಕೋರ್ಟು, ದೇಶದ ಸುಪ್ರೀಂ ಕೋರ್ಟು, ಸಂವಿಧಾನ ಎಲ್ಲವೂ ಇದರಲ್ಲಿ ಬಂದು ಹೋಗುತ್ತವೆ. ಕೇಸಿನ ಬುಡದಲ್ಲಿ ಇರುವುದು ಮಾತ್ರ ಒಂದು ಕಾಗದ.

ಪೊಲೀಸರು ಬಂದದ್ದೇಕೆ? ಮೂರು ದಿನ ಮುಂಚೆ ಡಾನ್ ಕಿಂಗ್ ಅವರ ಮನೆಯ ಹತ್ತಿರ ಬಾಂಬ್ ಸಿಡಿದಿತ್ತು. ಮುಂದೆ ಬಾಕ್ಸಿಂಗ್ ಪ್ರಮೋಟರ್ ಆಗಿ ಪ್ರಪಂಚಕ್ಕೆಲ್ಲ ಗೊತ್ತಾದ ಅದೇ ಡಾನ್ ಕಿಂಗ್. ಆಗ ಅವರು ಕ್ಲೀವ್‌ಲ್ಯಾಂಡ್‌ನಲ್ಲಿ ನಂಬರ್ ಆಟ ನಡೆಸುತ್ತಿದ್ದರು, ನಮ್ಮ ಕಡೆಯ ಮಟ್ಕಾ ಇದ್ದ ಹಾಗೆ. ಬಾಂಬ್ ವಿಚಾರದಲ್ಲಿ ವಿಚಾರಣೆಗೆ ಬೇಕಾದ ಒಬ್ಬ ಆಸಾಮಿ ಮ್ಯಾಪ್ ಅವರ ಮನೆಯಲ್ಲಿ ಅಡಗಿದ್ದಾನೆ, ಜೂಜಿನ ಸಾಮಾನೂ ಅಲ್ಲಿದೆ ಅಂತ ಪೊಲೀಸರಿಗೆ ಸುಳಿವು ಸಿಕ್ಕಿತ್ತು. ಈ ಸುಳಿವನ್ನು ಹಿಡಿದುಕೊಂಡು ಒಬ್ಬ ಜಡ್ಜ್ ಹತ್ತಿರ ಹೋಗಿ ವಾರಂಟ್ ತರಬಹುದಿತ್ತು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಪೊಲೀಸರು ಹೋಗಲಿಲ್ಲ, ಹೊರಗೇ ನಿಂತು ಮನೆ ಕಾದರು. ಸುಮಾರು ಮೂರು ಗಂಟೆ ಆದ ಮೇಲೆ ಇನ್ನೂ ನಾಲ್ಕೈದು ಜನ ಪೊಲೀಸರು ಬಂದರು. ಮ್ಯಾಪ್ ಕೂಡಲೇ ಬಾಗಿಲಿಗೆ ಬರಲಿಲ್ಲ ಅಂತ ಒಂದು ಬಾಗಿಲು ಒಡೆದು ಒಳನುಗ್ಗಿದರು. ಅಷ್ಟರಲ್ಲಿ ವಕೀಲರು ಬಂದರು. ಅವರನ್ನು ಮನೆಯೊಳಗೂ ಬಿಡಲಿಲ್ಲ, ಮ್ಯಾಪ್ ಜೊತೆ ಮಾತಾಡಲೂ ಬಿಡಲಿಲ್ಲ.

ಮ್ಯಾಪ್ ಮೆಟ್ಟಿಲು ಇಳಿದು ಬರುತ್ತಾ ವಾರಂಟ್ ತೋರಿಸಿ ಅಂದರು. ಒಬ್ಬ ಅಧಿಕಾರಿ ಒಂದು ಕಾಗದವನ್ನು ಮೇಲಕ್ಕೆತ್ತಿ ಹಿಡಿದರು, ಇದೇ ವಾರಂಟ್ ಅಂತ. ಆಕೆ ಅದನ್ನು ಕಸಿದುಕೊಂಡು ಎದೆಯೊಳಗೆ, ಬಟ್ಟೆಯಡಿ ಸೇರಿಸಿಬಿಟ್ಟರು. ಪೊಲೀಸರು ಮೈಮೇಲೆ ಬಿದ್ದು ಎಳೆದಾಡಿ ಕಾಗದ ವಾಪಸ್ ತೆಗೆದುಕೊಂಡರು. ಕೈ ತಿರುಚಿದರು. ನೋವಾಗುತ್ತಿದೆ ಬಿಡಿ ಅಂತ ಆಕೆ ಕೂಗಿಕೊಂಡರು. ಕಾಗದ ಕಸಿದುಕೊಂಡು ಜಗಳಕ್ಕೆ ನಿಂತರು ಅನ್ನುವ ಕಾರಣಕ್ಕೆ ಆಕೆಗೆ ಬೇಡಿ ಹಾಕಿದರು.

ಸ್ವಂತ ಮನೆಯಲ್ಲಿ, ಕೈಗೆ ಬೇಡಿ ಬಿದ್ದಿರುವಾಗ, ಆಕೆಯನ್ನು ಮೇಲಿನ ಮಲಗುವ ಕೋಣೆಗೆ ಕರೆದೊಯ್ದು ಹುಡುಕಾಟ ಶುರು ಮಾಡಿದರು. ಡ್ರಾಯರುಗಳು, ಬಟ್ಟೆಯ ಬೀರು, ಸೂಟ್‌ಕೇಸ್‌ಗಳು. ಫೋಟೋ ಆಲ್ಬಂ. ಆಕೆಯ ಖಾಸಗಿ ಕಾಗದಪತ್ರ. ಮಗಳ ಕೋಣೆ, ಹಾಲ್, ಅಡುಗೆಮನೆ. ಕೊನೆಗೆ ಕೆಳಗಿನ ನೆಲಮಾಳಿಗೆ, ಅಲ್ಲಿದ್ದ ಒಂದು ಟ್ರಂಕು. ಬಾಂಬ್ ಕೇಸಿನಲ್ಲಿ ಬೇಕಾದ ಮನುಷ್ಯನನ್ನು ಹುಡುಕಲು ಬಂದವರು ಫೋಟೋ ಆಲ್ಬಂ ತಿರುವಿ ಹಾಕುವುದೇಕೆ? ಆಲ್ಬಂ ಒಳಗೆ ಮನುಷ್ಯ ಅಡಗಿರುತ್ತಾನಾ? ಈ ಪ್ರಶ್ನೆ ಸಣ್ಣದಲ್ಲ, ವಾರಂಟ್ ಅನ್ನುವ ಪದ್ಧತಿ ಹುಟ್ಟಿದ್ದೇ ಇಂಥ ಪ್ರಶ್ನೆಯಿಂದ.

ಆ ಮನುಷ್ಯ ಕೆಳಗಿನ ಮನೆಯಲ್ಲಿ ಸಿಕ್ಕ. ಬಾಂಬ್ ಆರೋಪದಿಂದ ಆಮೇಲೆ ಬಿಡುಗಡೆಯೂ ಆದ. ಆದರೆ ಹುಡುಕಾಟದಲ್ಲಿ ಕೆಲವು ಅಶ್ಲೀಲ ಪುಸ್ತಕ, ಚಿತ್ರಗಳು ಸಿಕ್ಕವು. ಮೊದಲು ಬಾಡಿಗೆಗೆ ಇದ್ದವರೊಬ್ಬರು ಬಿಟ್ಟುಹೋದ ಸಾಮಾನು ಅದು, ಕಟ್ಟಿ ಇಟ್ಟಿದ್ದೇನೆ ಅಷ್ಟೇ ಅಂತ ಮ್ಯಾಪ್ ಹೇಳಿದರು. ಒಹಾಯೋದಲ್ಲಿ ಆಗ ಅಂಥ ವಸ್ತು ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ಕೇಸು ಬಿತ್ತು.

ಇಲ್ಲಿ ಸ್ವಲ್ಪ ನಿಂತು, ಅಮೆರಿಕದಲ್ಲಿ ವಾರಂಟ್ ಅಂದರೆ ಏನು ಅಂತ ನೋಡೋಣ. ಅವರ ಸಂವಿಧಾನದ ನಾಲ್ಕನೇ ತಿದ್ದುಪಡಿ 1791ರದ್ದು. ಜನರ ಮೈ, ಮನೆ, ಕಾಗದಪತ್ರ, ಸಾಮಾನು ಇವುಗಳ ಮೇಲೆ ಸರಿಯಾದ ಕಾರಣವಿಲ್ಲದ ಶೋಧ, ಜಪ್ತಿ ಕೂಡದು ಅನ್ನುತ್ತದೆ ಅದು. ವಾರಂಟ್ ಬೇಕಾದರೆ ಪೊಲೀಸರು ಪ್ರಮಾಣ ಮಾಡಿ ತಮಗೆ ಗೊತ್ತಿರುವುದನ್ನು ಹೇಳಬೇಕು, ನಂಬಲು ತಕ್ಕ ಆಧಾರ ಇರಬೇಕು, ಯಾವ ಜಾಗ ಹುಡುಕಬೇಕು, ಏನನ್ನು ವಶಕ್ಕೆ ತೆಗೆದುಕೊಳ್ಳಬೇಕು ಅನ್ನುವುದನ್ನು ಬಿಡಿಸಿ ಬರೆದಿರಬೇಕು. ಇದಕ್ಕೆ ಸಹಿ ಹಾಕುವವರು ಪೊಲೀಸರಲ್ಲ, ಜಡ್ಜ್ ಅಥವಾ ಮ್ಯಾಜಿಸ್ಟ್ರೇಟ್. ಕಳ್ಳನನ್ನು ಹಿಡಿಯುವ ಹುರುಪಿನಲ್ಲಿ ಇರುವವರೇ ಮನೆಗೆ ನುಗ್ಗಬೇಕೋ ಬೇಡವೋ ಅಂತ ತೀರ್ಮಾನ ಮಾಡಬಾರದು, ಆ ಹುರುಪಿಲ್ಲದ ಇನ್ನೊಬ್ಬರು ನೋಡಬೇಕು, ಅದೂ ನುಗ್ಗುವ ಮುಂಚೆ ನೋಡಬೇಕು ಅನ್ನುವುದು ಅದರ ಹಿಂದಿರುವ ವಿಚಾರ. ಏನು ಹುಡುಕಬೇಕು ಅಂತ ಬರೆದಿದ್ದರೆ ಫೋಟೋ ಆಲ್ಬಂಗೆ ಕೈ ಹಾಕುವ ಮುಂಚೆ ಒಂದು ಕ್ಷಣ ಯೋಚಿಸಬೇಕಾಗುತ್ತದೆ.

1958ರಲ್ಲಿ ವಿಚಾರಣೆ ನಡೆಯಿತು. ಅಮೆರಿಕದಲ್ಲಿ ಹೆಚ್ಚಿನ ಅಪರಾಧ ಕೇಸುಗಳು ಆಯಾ ರಾಜ್ಯದ ಕೋರ್ಟಿನಲ್ಲೇ, ರಾಜ್ಯದ ಕಾನೂನಿನಡಿಯೇ ನಡೆಯುತ್ತವೆ, ಕೇಂದ್ರದ ಕೋರ್ಟುಗಳದ್ದು ಬೇರೆಯೇ ಸಾಲು. ಹಾಗಾಗಿ ಇದು ಒಹಾಯೋ ರಾಜ್ಯ ಹಾಕಿದ ಕೇಸು. ಮ್ಯಾಪ್ ಪರ ವಕೀಲರು ವಿಚಾರಣೆಗೆ ಮುಂಚೆಯೇ ಒಂದು ಅರ್ಜಿ ಹಾಕಿದರು. ಈ ಸಾಮಾನನ್ನು ಕಾನೂನು ಮೀರಿ ತೆಗೆದುಕೊಂಡಿದ್ದಾರೆ, ಸಾಕ್ಷ್ಯವಾಗಿ ಒಪ್ಪಬೇಡಿ ಅಂತ. ಅರ್ಜಿ ಬಿದ್ದುಹೋಯಿತು. ವಿಚಾರಣೆಯಲ್ಲಿ ವಾರಂಟ್ ಎಲ್ಲಿ ಅಂದರೆ ಪ್ರಾಸಿಕ್ಯೂಷನ್ ಕಡೆಯಿಂದ ಕಾಗದ ಬರಲೇ ಇಲ್ಲ. ಯಾಕೆ ತಂದಿಲ್ಲ ಅಂತ ವಿವರಣೆಯೂ ಇಲ್ಲ. ಮೂರು ಗಂಟೆ ಕಾದು, ಬಾಗಿಲು ಒಡೆದು, ಎತ್ತಿ ತೋರಿಸಿ, ಒಬ್ಬ ಹೆಂಗಸಿನ ಬಟ್ಟೆಯೊಳಗಿನಿಂದ ಎಳೆದು ತೆಗೆದ ಕಾಗದ ಕೋರ್ಟಿಗೆ ಬರುವ ಹೊತ್ತಿಗೆ ಇಲ್ಲವೇ ಇಲ್ಲ. ಜ್ಯೂರಿ ಬೇಗನೆ ತಪ್ಪಿತಸ್ಥೆ ಅಂದಿತು. ಒಂದರಿಂದ ಏಳು ವರ್ಷ ಜೈಲು.

ಮೇಲ್ಮನವಿ ಒಹಾಯೋದ ಸುಪ್ರೀಂ ಕೋರ್ಟಿಗೆ ಹೋಯಿತು. ಹೌದು, ಅಲ್ಲಿ ಪ್ರತಿ ರಾಜ್ಯಕ್ಕೂ ಅದರದ್ದೇ ಅತ್ಯುನ್ನತ ಕೋರ್ಟ್ ಇದೆ. 1960ರಲ್ಲಿ ಅಲ್ಲಿನ ಏಳು ನ್ಯಾಯಮೂರ್ತಿಗಳಲ್ಲಿ ನಾಲ್ವರು, ಅಶ್ಲೀಲ ವಸ್ತು ಸುಮ್ನೆ ಮನೆಯಲ್ಲಿ ಇದ್ದರೆ ಸಾಕು ಅಪರಾಧ ಅನ್ನುವ ಆ ಕಾನೂನೇ ಸಂವಿಧಾನಕ್ಕೆ ವಿರುದ್ಧ ಅಂದರು. ಏಳರಲ್ಲಿ ನಾಲ್ಕು ಅಂದರೆ ಬಹುಮತ ಅಲ್ವಾ? ಆದರೂ ಮ್ಯಾಪ್ ಸೋತರು. ಒಂದು ಕಾನೂನನ್ನು ರದ್ದು ಮಾಡಲು ಏಳರಲ್ಲಿ ಆರು ಜನ ಒಪ್ಪಬೇಕು ಅಂತ ಆಗಿನ ಒಹಾಯೋ ಸಂವಿಧಾನದಲ್ಲಿ ನಿಯಮ ಇತ್ತು. ನನಗೆ ಈ ಕೇಸಿನಲ್ಲಿ ಎಲ್ಲಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಇದು. ತನ್ನನ್ನು ಜೈಲಿಗೆ ಕಳಿಸುತ್ತಿರುವ ಕಾನೂನು ತಪ್ಪು ಅಂತ ಹೆಚ್ಚಿನ ನ್ಯಾಯಮೂರ್ತಿಗಳೇ ಹೇಳಿದ ಮೇಲೂ ಶಿಕ್ಷೆ ಉಳಿಯಿತು.

ವಾರಂಟ್ ವಿಷಯಕ್ಕೆ ಏನಂದರು? ವಾರಂಟ್ ಇತ್ತು ಅನ್ನುವುದೇ ಬಹಳ ಅನುಮಾನ ಅಂತ ಒಹಾಯೋ ಕೋರ್ಟ್ ಒಪ್ಪಿಕೊಂಡಿತು. ಆದರೆ ಒಹಾಯೋದಲ್ಲಿ 1936ರಿಂದ ನಡೆದು ಬಂದ ತೀರ್ಪಿನ ಪ್ರಕಾರ ಶೋಧ ಅಕ್ರಮವಾದರೂ ಸಿಕ್ಕ ಸಾಕ್ಷ್ಯ ನಡೆಯುತ್ತದೆ. ಮಾಲು ಸಿಕ್ಕಿತಲ್ಲ, ಹೇಗೆ ಸಿಕ್ಕಿತು ಅನ್ನುವುದು ಬೇರೆ ಮಾತು.

ಇದು ಹೇಗೆ ಸಾಧ್ಯ, ಸಂವಿಧಾನದಲ್ಲಿ ಬರೆದಿದೆಯಲ್ಲ ಅಂತ ನಿಮಗೆ ಅನ್ನಿಸಬಹುದು. ಉತ್ತರ ಸ್ವಲ್ಪ ಉದ್ದ ಇದೆ, ಆದರೆ ಅಮೆರಿಕದ ವ್ಯವಸ್ಥೆಯ ಒಳಗುಟ್ಟು ಇರುವುದೇ ಇಲ್ಲಿ. ಮೊದಲ ಹತ್ತು ತಿದ್ದುಪಡಿಗಳನ್ನು ಬರೆದದ್ದು ಕೇಂದ್ರ ಸರ್ಕಾರದ ಕೈ ಕಟ್ಟಲು. ರಾಜ್ಯಗಳಿಗೆ ಅವು ಅನ್ವಯಿಸುತ್ತಿರಲಿಲ್ಲ. ಅಂತರ್ಯುದ್ಧ ಮುಗಿದ ಮೇಲೆ 1868ರಲ್ಲಿ ಹದಿನಾಲ್ಕನೇ ತಿದ್ದುಪಡಿ ಬಂತು. ಕಾನೂನಿನ ಸರಿಯಾದ ಕ್ರಮವಿಲ್ಲದೆ ಯಾವ ರಾಜ್ಯವೂ ಯಾರ ಜೀವ, ಸ್ವಾತಂತ್ರ್ಯ, ಆಸ್ತಿ ಕಿತ್ತುಕೊಳ್ಳಬಾರದು ಅಂತ ಅದು ಹೇಳಿತು. ಆ ಒಂದು ಸಾಲಿನ ಬಾಗಿಲಿನಿಂದ ಹಳೆಯ ತಿದ್ದುಪಡಿಗಳ ಹಕ್ಕುಗಳನ್ನು ಸುಪ್ರೀಂ ಕೋರ್ಟ್ ಒಂದೊಂದಾಗಿ ರಾಜ್ಯಗಳ ಮೇಲೂ ಹೇರುತ್ತಾ ಬಂದದ್ದು ಇಪ್ಪತ್ತನೇ ಶತಮಾನದ ಕಥೆ.

ಅಕ್ರಮವಾಗಿ ತೆಗೆದುಕೊಂಡ ಸಾಕ್ಷ್ಯ ನಡೆಯುವುದಿಲ್ಲ ಅನ್ನುವ ನಿಯಮ ಕೇಂದ್ರದ ಕೋರ್ಟುಗಳಲ್ಲಿ 1914ರಿಂದಲೇ ಇತ್ತು. ಅದು ವೀಕ್ಸ್ ಕೇಸು, ಅಂಚೆಯಲ್ಲಿ ಲಾಟರಿ ಟಿಕೆಟ್ ಕಳಿಸಿದ ಆರೋಪ. ಆದರೆ ರಾಜ್ಯದ ಪೊಲೀಸರಿಗೆ ಆ ನಿಯಮ ಇಲ್ಲ. ಇದರಿಂದ ಏನಾಯಿತು ಗೊತ್ತಾ? ರಾಜ್ಯದ ಪೊಲೀಸರು ಅಕ್ರಮವಾಗಿ ಹುಡುಕಿ ಸಿಕ್ಕದ್ದನ್ನು ಕೇಂದ್ರದ ಅಧಿಕಾರಿಗಳಿಗೆ ಕೊಡುತ್ತಿದ್ದರು, ಕೇಂದ್ರದ ಕೋರ್ಟಿನಲ್ಲಿ ಅದು ಸಲೀಸಾಗಿ ನಡೆಯುತ್ತಿತ್ತು. ಅಲ್ಲಿನ ವಕೀಲರು ಇದನ್ನು ಬೆಳ್ಳಿ ತಟ್ಟೆಯಲ್ಲಿ ಇಟ್ಟುಕೊಡುವುದು ಅನ್ನುತ್ತಿದ್ದರು. 1960ರವರೆಗೂ ಹೀಗೇ ನಡೆಯಿತು.

1949ರಲ್ಲಿ ವುಲ್ಫ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅರ್ಧ ಹೆಜ್ಜೆ ಇಟ್ಟಿತು. ಪೊಲೀಸರು ಸುಮ್ಮಸುಮ್ಮನೆ ನುಗ್ಗದ ಹಾಗೆ ಇರುವ ಹಕ್ಕು ರಾಜ್ಯಗಳಿಗೂ ಅನ್ವಯಿಸುತ್ತದೆ ಅಂದಿತು. ಅದೇ ಉಸಿರಿನಲ್ಲಿ, ಆ ಹಕ್ಕು ಮುರಿದು ತಂದ ಸಾಕ್ಷ್ಯವನ್ನು ರಾಜ್ಯಗಳು ಬಿಸಾಡಲೇಬೇಕು ಅಂತಿಲ್ಲ ಅಂತಲೂ ಅಂದಿತು. ಪೊಲೀಸರ ಮೇಲೆ ಪರಿಹಾರಕ್ಕೆ ದಾವೆ ಹಾಕಬಹುದು, ಇಲಾಖೆಯೇ ಶಿಸ್ತುಕ್ರಮ ತೆಗೆದುಕೊಳ್ಳಬಹುದು, ದಾರಿಗಳು ಬೇರೆ ಇವೆ ಅಂತ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತೇವಲ್ಲ, ಹಾಗಾಯಿತು.

ಆ ಬೇರೆ ದಾರಿಗಳು ಕೆಲಸ ಮಾಡುತ್ತವಾ? ನೀವೇ ಮ್ಯಾಪ್ ಜಾಗದಲ್ಲಿ ನಿಂತು ಯೋಚಿಸಿ. ಅಪರಾಧಿ ಅಂತ ತೀರ್ಪಾಗಿದೆ, ಅದೂ ಅಶ್ಲೀಲ ಪುಸ್ತಕದ ಕೇಸು. 1950ರ ದಶಕದ ಕಪ್ಪು ಮಹಿಳೆ. ಕ್ಲೀವ್‌ಲ್ಯಾಂಡ್ ಪೊಲೀಸರ ಮೇಲೆ ದಾವೆ ಹಾಕಿ ಆಕೆ ಜ್ಯೂರಿ ಎದುರು ಗೆಲ್ಲುತ್ತಿದ್ದರು ಅಂತ ನಂಬಲು ನನ್ನಿಂದ ಆಗುವುದಿಲ್ಲ. ಕ್ಯಾಲಿಫೋರ್ನಿಯಾದ ನ್ಯಾಯಮೂರ್ತಿ ರಾಜರ್ ಟ್ರೇನರ್ ಅವರ ಮನಸ್ಸು ಬದಲಾದದ್ದೂ ಇದಕ್ಕೇ. ಇಂಥ ಸಾಕ್ಷ್ಯ ನಡೆಯಲಿ ಅಂತ 1942ರಲ್ಲಿ ತಾವೇ ಬರೆದಿದ್ದರು. 1955ರಲ್ಲಿ ಕಹಾನ್ ಕೇಸು ಬಂತು. ಲಾಸ್ ಏಂಜಲೀಸ್ ಪೊಲೀಸರು ಮನೆಗೆ ನುಗ್ಗಿ ಗುಟ್ಟಾಗಿ ಮೈಕ್ ಇಟ್ಟಿದ್ದರು, ಅದಕ್ಕೆ ಪೊಲೀಸ್ ಮುಖ್ಯಸ್ಥರೇ ಅನುಮತಿ ಕೊಟ್ಟಿದ್ದರು. ಬೇರೆ ಉಪಾಯಗಳೆಲ್ಲ ಸೋತಿವೆ ಅಂತ ಟ್ರೇನರ್ ತಮ್ಮ ನಿಲುವನ್ನೇ ತಿರುಗಿಸಿದರು. ತಪ್ಪು ಅಂತ ಕಂಡಾಗ ಹೀಗೆ ಬಹಿರಂಗವಾಗಿ ತಿರುಗುವ ನ್ಯಾಯಾಧೀಶರನ್ನು ಕಂಡರೆ ನನಗೆ ತುಂಬಾ ಗೌರವ.

ಮ್ಯಾಪ್ ಕೇಸು ವಾಷಿಂಗ್ಟನ್‌ಗೆ ಬಂತು. 1961ರ ಮಾರ್ಚ್ 29ರಂದು ವಾದ ನಡೆಯಿತು. ಆಶ್ಚರ್ಯ ಅಂದರೆ ಆಕೆಯ ವಕೀಲರು ವಾದಿಸಿದ್ದು ಮುಖ್ಯವಾಗಿ ಅಶ್ಲೀಲತೆಯ ಕಾನೂನಿನ ಬಗ್ಗೆ. ವುಲ್ಫ್ ತೀರ್ಪನ್ನು ರದ್ದು ಮಾಡಿ ಅಂತ ಅವರು ಕೇಳಿರಲೇ ಇಲ್ಲ. ಅದನ್ನು ಕೇಳಿದ್ದು ನಾಗರಿಕ ಹಕ್ಕುಗಳ ಸಂಘಟನೆಯಾದ ಎಸಿಎಲ್‌ಯು, ಕೋರ್ಟಿಗೆ ನೆರವಾಗಲು ಸಲ್ಲಿಸಿದ ಮನವಿಯಲ್ಲಿ, ಅದೂ ಒಂದೇ ಒಂದು ಪ್ಯಾರಾದಲ್ಲಿ. ವಾದ ಮುಗಿದ ಮೇಲೆ ನ್ಯಾಯಮೂರ್ತಿಗಳು ಸೇರಿದಾಗಲೂ ಚರ್ಚೆ ಅಶ್ಲೀಲತೆಯ ಕಾನೂನಿನ ಸುತ್ತಲೇ. ಆಮೇಲೆ ನ್ಯಾಯಮೂರ್ತಿ ಟಾಮ್ ಕ್ಲಾರ್ಕ್ ಬರೆದ ಕರಡು ನೋಡಿದಾಗ ಅದು ಪೂರ್ತಿ ಶೋಧದ ಬಗ್ಗೆ ಇತ್ತು. ನೋಡಿ ಬೆಚ್ಚಿಬಿದ್ದೆ ಅಂತ ನ್ಯಾಯಮೂರ್ತಿ ಪಾಟರ್ ಸ್ಟೂವರ್ಟ್ ಎಷ್ಟೋ ವರ್ಷದ ನಂತರ ಹೇಳಿಕೊಂಡರು. ಕ್ಲಾರ್ಕ್ ಯಾರು ಅಂದರೆ ಅಧ್ಯಕ್ಷ ಟ್ರೂಮನ್ ಸರ್ಕಾರದಲ್ಲಿ ಅಟಾರ್ನಿ ಜನರಲ್ ಆಗಿದ್ದವರು. ಇಡೀ ದೇಶದ ಪ್ರಾಸಿಕ್ಯೂಟರ್‌ಗಳ ಯಜಮಾನಿಕೆ ಮಾಡಿದ ಮನುಷ್ಯ. ಪೊಲೀಸರ ಕಷ್ಟ ಗೊತ್ತಿಲ್ಲದವರು ಬರೆದ ತೀರ್ಪು ಇದು ಅಂತ ಯಾರೂ ಹೇಳುವ ಹಾಗಿರಲಿಲ್ಲ.

1961ರ ಜೂನ್ 19ರಂದು ತೀರ್ಪು ಬಂತು. ಆರು ಜನ ಮ್ಯಾಪ್ ಪರ, ಮೂವರು ವಿರುದ್ಧ. ಶೋಧದ ನಿಯಮದ ಮಟ್ಟಿಗೆ ಐದೇ ಜನ, ಯಾಕೆಂದರೆ ಸ್ಟೂವರ್ಟ್ ಅಶ್ಲೀಲತೆಯ ಕಾನೂನು ತಪ್ಪು ಅನ್ನುವ ಬೇರೆ ಕಾರಣಕ್ಕೆ ಆಕೆಯ ಪರ ನಿಂತರು. ಇನ್ನು ಮುಂದೆ ಅಕ್ರಮ ಶೋಧದಲ್ಲಿ ಸಿಕ್ಕ ಸಾಕ್ಷ್ಯ ಯಾವ ರಾಜ್ಯದ ಕೋರ್ಟಿನಲ್ಲೂ ನಡೆಯುವುದಿಲ್ಲ. ಶಿಕ್ಷೆ ರದ್ದು.

ವಿರೋಧವನ್ನೂ ನ್ಯಾಯವಾಗಿ ಹೇಳಬೇಕು. ಪೇದೆ ಎಡವಿದ್ದಕ್ಕೆ ಅಪರಾಧಿ ಬಿಡುಗಡೆಯಾಗಬೇಕೇ ಅಂತ ನ್ಯೂಯಾರ್ಕ್‌ನ ನ್ಯಾಯಮೂರ್ತಿ ಬೆಂಜಮಿನ್ ಕಾರ್ಡೋಜೊ 1926ರಲ್ಲೇ ಕೇಳಿದ್ದರು. ಈ ಪ್ರಶ್ನೆ ಸುಲಭದ್ದಲ್ಲ. ಕೊಲೆ ಕೇಸಿನಲ್ಲಿ ಹೀಗೆ ಸಾಕ್ಷ್ಯ ಬಿದ್ದುಹೋದರೆ ಸತ್ತವರ ಮನೆಯವರಿಗೆ ಯಾವ ಸಮಾಧಾನ ಹೇಳುವುದು? ಕ್ಲಾರ್ಕ್ ಕೊಟ್ಟ ಉತ್ತರ ಹೀಗಿತ್ತು: ಬಿಡುಗಡೆಯಾಗಲೇಬೇಕಾದರೆ ಆಗಲಿ, ಆದರೆ ಅವನನ್ನು ಬಿಡಿಸುವುದು ಕಾನೂನೇ. ನಾನು ಈ ಉತ್ತರದ ಕಡೆಗಿದ್ದೇನೆ, ಆದರೆ ನನ್ನ ಕಾರಣ ಬೇರೆ. ಸಾಕ್ಷ್ಯ ಬಿದ್ದುಹೋಯಿತು ಅನ್ನುತ್ತೇವಲ್ಲ, ನಿಜಕ್ಕೂ ನೋಡಿದರೆ ಪೊಲೀಸರು ನಿಯಮ ಪಾಲಿಸಿದ್ದರೆ ಆ ಸಾಕ್ಷ್ಯ ಅವರ ಕೈಗೆ ಬರುತ್ತಲೇ ಇರಲಿಲ್ಲ, ಇಲ್ಲವೇ ಸರಿಯಾದ ವಾರಂಟಿನ ಜೊತೆ ಬರುತ್ತಿತ್ತು. ಮಿಲ್ವರ್ಟನ್ ರಸ್ತೆಯಲ್ಲಿ ಮೂರು ಗಂಟೆ ಸಮಯ ಇತ್ತು ಅನ್ನುವುದನ್ನು ನಾನು ಮರೆಯಲಾರೆ.

ತೀರ್ಪು ಬಂದದ್ದೇ ತಡ, ನ್ಯೂಯಾರ್ಕ್‌ನಂಥ ಕಡೆ ಪೊಲೀಸರಿಗೆ ವಾರಂಟ್ ಬರೆಯುವುದು ಹೇಗೆ ಅಂತ ತರಬೇತಿ ಕೊಡಬೇಕಾಯಿತು. ಅಲ್ಲಿಯವರೆಗೆ ಬೇಕಾಗಿರಲೇ ಇಲ್ಲವಲ್ಲ, ತಲೆ ಕೆಡಿಸಿಕೊಳ್ಳುವುದೇಕೆ ಅಂತ ಬಿಟ್ಟಿದ್ದರು. ಇದು ಒಳ್ಳೆಯ ಭಾಗ. ಕೆಟ್ಟ ಭಾಗವೂ ಇದೆ. ನಾನು ಹುಡುಕಲಿಲ್ಲ, ನನ್ನನ್ನು ಕಂಡ ಕೂಡಲೇ ಅವನೇ ಡ್ರಗ್ಸ್ ಪೊಟ್ಟಣವನ್ನು ನೆಲಕ್ಕೆ ಬೀಳಿಸಿದ ಅನ್ನುವ ಪೊಲೀಸ್ ಸಾಕ್ಷಿಗಳು ನ್ಯೂಯಾರ್ಕ್ ಕೋರ್ಟುಗಳಲ್ಲಿ ಇದ್ದಕ್ಕಿದ್ದ ಹಾಗೆ ಜಾಸ್ತಿಯಾದವು. ತಾನಾಗಿ ಬಿದ್ದದ್ದನ್ನು ಎತ್ತಿಕೊಳ್ಳಲು ವಾರಂಟ್ ಬೇಡ ನೋಡಿ. ಇವಕ್ಕೆ ವಕೀಲರು ಡ್ರಾಪ್ಸಿ ಸಾಕ್ಷಿ ಅಂತ ಹೆಸರನ್ನೇ ಇಟ್ಟರು. ಇನ್ನು, ಈಗಾಗಲೇ ಮೇಲ್ಮನವಿ ಎಲ್ಲ ಮುಗಿದು ಜೈಲಿನಲ್ಲಿದ್ದವರಿಗೆ ಈ ತೀರ್ಪಿನ ಲಾಭ ಸಿಗುವುದಿಲ್ಲ ಅಂತ 1965ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು.

ಆಮೇಲೆ ನಿಯಮಕ್ಕೆ ತೂತುಗಳು ಬೀಳುತ್ತಾ ಬಂದವು. ಅದೇ ಕ್ಲೀವ್‌ಲ್ಯಾಂಡ್‌ನಿಂದ ಬಂದ ಟೆರಿ ಕೇಸಿನಲ್ಲಿ, 1968ರಲ್ಲಿ, ಬೀದಿಯಲ್ಲಿ ಅನುಮಾನಕ್ಕೆ ತಕ್ಕ ಕಾರಣ ಇದ್ದರೆ ತಡೆದು ನಿಲ್ಲಿಸಬಹುದು, ಆಯುಧ ಇದ್ದೀತು ಅನ್ನಿಸಿದರೆ ಬಟ್ಟೆಯ ಮೇಲಿಂದ ಮುಟ್ಟಿ ನೋಡಬಹುದು, ವಾರಂಟ್ ಬೇಡ ಅಂತಾಯಿತು. 1984ರಲ್ಲಿ, ವಾರಂಟಿನಲ್ಲಿ ದೋಷ ಇದ್ದರೂ ಪೊಲೀಸರು ಅದನ್ನು ಪ್ರಾಮಾಣಿಕವಾಗಿ ನಂಬಿ ಹೋಗಿದ್ದರೆ ಸಾಕ್ಷ್ಯ ನಡೆಯುತ್ತದೆ ಅಂತಾಯಿತು. 2009ರ ಹೆರಿಂಗ್ ಕೇಸು ನನ್ನನ್ನು ಜಾಸ್ತಿ ಕಾಡುತ್ತದೆ. ಅಲಬಾಮಾದಲ್ಲಿ ಒಬ್ಬರನ್ನು ಬಂಧಿಸಿ ಹುಡುಕಿದರು, ಡ್ರಗ್ಸ್ ಮತ್ತು ಪಿಸ್ತೂಲು ಸಿಕ್ಕಿತು. ಆದರೆ ಆ ವಾರಂಟನ್ನು ಐದು ತಿಂಗಳ ಹಿಂದೆಯೇ ವಾಪಸ್ ತೆಗೆದುಕೊಳ್ಳಲಾಗಿತ್ತು. ಪಕ್ಕದ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥದ್ದರ, ಕಂಪ್ಯೂಟರ್‌ನಲ್ಲಿ ಯಾರೂ ಅಳಿಸಿರಲಿಲ್ಲ. ಬೇಕೆಂದು ಮಾಡಿದ ತಪ್ಪಲ್ಲ, ಸಾಕ್ಷ್ಯ ನಡೆಯಲಿ ಅಂತ ಐವರು, ಬೇಡ ಅಂತ ನಾಲ್ವರು. ಅಂದರೆ ಅಲ್ಲೂ ಕಾಗದ ಇರಲಿಲ್ಲ, ಇದೆ ಅನ್ನುವ ನಂಬಿಕೆ ಮಾತ್ರ ಇತ್ತು.

ಅಮೆರಿಕದಲ್ಲಿರುವ ನಮ್ಮವರಿಗೆ ಒಂದು ಮಾತು. ನೀವಾಗಿ ಒಪ್ಪಿಗೆ ಕೊಟ್ಟರೆ ವಾರಂಟ್ ಬೇಕಾಗಿಲ್ಲ, ಮತ್ತು ಬೇಡ ಅನ್ನುವ ಹಕ್ಕು ನಿಮಗಿದೆ ಅಂತ ಪೊಲೀಸರು ತಿಳಿಸಲೇಬೇಕು ಅಂತಿಲ್ಲ. ಇದು 1973ರ ತೀರ್ಪು. ಮನೆಗೆ ಬಂದವರನ್ನು ಒಳಗೆ ಬನ್ನಿ ಅನ್ನುವುದು ನಮಗೆ ಅಭ್ಯಾಸ. ಪೊಲೀಸರು ಒಳಗೆ ನೋಡಬಹುದಾ ಅಂತ ಕೇಳಿದಾಗ ಬಾಯಿಂದ ಹೂಂ ಬಂದರೆ ಅದೇ ಒಪ್ಪಿಗೆ. ವಾರಂಟ್ ಇದೆಯಾ, ತೋರಿಸಿ ಅಂತ ಮರ್ಯಾದೆಯಿಂದ ಕೇಳುವುದು ಎದುರಾಡಿದಂತೆ ಅಲ್ಲ. ಕೈ ಅಡ್ಡ ಹಾಕುವುದು, ತಳ್ಳುವುದು ಮಾತ್ರ ಬೇಡ.

ನಮ್ಮಲ್ಲಿ ಹೇಗೆ? 1954ರಲ್ಲಿ ಎಂ.ಪಿ. ಶರ್ಮಾ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟ್, ಅಮೆರಿಕದ ನಾಲ್ಕನೇ ತಿದ್ದುಪಡಿಯಂಥದ್ದು ನಮ್ಮ ಸಂವಿಧಾನದಲ್ಲಿ ಇಲ್ಲ ಅಂತ ಹೇಳಿತು. 1973ರ ಪೂರನ್ ಮಲ್ ಪ್ರಕರಣ ಆದಾಯ ತೆರಿಗೆ ದಾಳಿಯದ್ದು. ಶೋಧ ಅಕ್ರಮ ಅನ್ನುವ ಒಂದೇ ಕಾರಣಕ್ಕೆ ಸಿಕ್ಕ ಸಾಕ್ಷ್ಯವನ್ನು ತಳ್ಳಿಹಾಕಬೇಕಿಲ್ಲ ಅಂತ ಅಲ್ಲಿ ತೀರ್ಪಾಯಿತು. ಮ್ಯಾಪ್ ಭಾರತದಲ್ಲಿ ಇದ್ದಿದ್ದರೆ ಈ ವಾದದಿಂದ ಗೆಲ್ಲುತ್ತಿರಲಿಲ್ಲ. 2017ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹಾಕಿದ ಅರ್ಜಿಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಸಾರಿತು, ಶರ್ಮಾ ತೀರ್ಪು ಅದಕ್ಕೆ ಅಡ್ಡ ಬರುವಷ್ಟರ ಮಟ್ಟಿಗೆ ಅದನ್ನು ತಳ್ಳಿಹಾಕಿತು. ಹಕ್ಕು ಇದೆ ಅಂತ ನಮ್ಮಲ್ಲೂ ಗಟ್ಟಿಯಾಗಿ ಹೇಳಿ ಆಗಿದೆ. ಅದನ್ನು ಮುರಿದು ತಂದ ಸಾಕ್ಷ್ಯವನ್ನು ಏನು ಮಾಡಬೇಕು ಅನ್ನುವ ಜಾಗದಲ್ಲಿ ನಾವು ಅಮೆರಿಕದ 1949ರ ಹತ್ತಿರ ಇದ್ದೇವೆ ಅಂತ ನನಗನ್ನಿಸುತ್ತದೆ.

ಆಕೆಯ ವಕೀಲರು ನಿಜವಾಗಿ ಎತ್ತಿದ್ದ ಪ್ರಶ್ನೆಗೂ ಕೊನೆಗೆ ಉತ್ತರ ಸಿಕ್ಕಿತು. ಅಶ್ಲೀಲ ವಸ್ತುವನ್ನು ಸ್ವಂತ ಮನೆಯಲ್ಲಿ ಸುಮ್ನೆ ಇಟ್ಟುಕೊಂಡದ್ದು ಅಪರಾಧವಾಗಲಾರದು ಅಂತ 1969ರಲ್ಲಿ, ಜಾರ್ಜಿಯಾ ರಾಜ್ಯದ ಇನ್ನೊಂದು ಕೇಸಿನಲ್ಲಿ, ಸುಪ್ರೀಂ ಕೋರ್ಟ್ ಹೇಳಿತು.

ಮ್ಯಾಪ್ ಆಮೇಲೆ ನ್ಯೂಯಾರ್ಕ್‌ನ ಕ್ವೀನ್ಸ್‌ಗೆ ಹೋದರು. 1970ರಲ್ಲಿ ಅಲ್ಲಿ ಪೊಲೀಸರು ಮತ್ತೆ ಆಕೆಯ ಮನೆಗೆ ಬಂದರು. ಡ್ರಗ್ಸ್ ಮತ್ತು ಕದ್ದ ಮಾಲಿನ ಕೇಸು. 1971ರಲ್ಲಿ ಶಿಕ್ಷೆಯಾಯಿತು, ಕಡಿಮೆ ಅಂದರೆ 20 ವರ್ಷ, ಹೆಚ್ಚೆಂದರೆ ಜೀವಾವಧಿ. ಎಷ್ಟೋ ವರ್ಷ ಜೈಲಿನಲ್ಲಿ ಕಳೆದ ಮೇಲೆ ಗವರ್ನರ್ ಹ್ಯೂ ಕ್ಯಾರಿ ಶಿಕ್ಷೆ ಇಳಿಸಿದರು, ಆಕೆ ಹೊರಬಂದರು. 2014ರ ಅಕ್ಟೋಬರ್ 31ರಂದು ಜಾರ್ಜಿಯಾದ ಕಾನ್ಯರ್ಸ್ ಊರಿನಲ್ಲಿ ತೀರಿಕೊಂಡರು. ಕ್ವೀನ್ಸ್‌ನಲ್ಲಿ ಬಾಗಿಲು ತಟ್ಟಿದ ಪೊಲೀಸರ ಕೈಯಲ್ಲಿ ವಾರಂಟ್ ಇತ್ತು, ಕೋರ್ಟಿಗೂ ಅದು ಬಂತು.